ಮುಚ್ಚದೆ ಉಳಿದ ಕಂಡಿ

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಓರ್ಕ್ನಿ ದ್ವೀಪಗಳ ನಡುವೆ ಸ್ಕಾಪಾ ಫ್ಲೋ ಎಂಬ ವಿಶಾಲವಾದ ನೈಸರ್ಗಿಕ ಬಂದರಿದೆ. ಎರಡು ಮಹಾಯುದ್ಧಗಳಲ್ಲೂ ಅದು ಬ್ರಿಟಿಷ್ ನೌಕಾಪಡೆಯ ಪ್ರಮುಖ ನೆಲೆಯಾಗಿತ್ತು. ಜಲಾಂತರ್ಗಾಮಿಗಳು ನುಗ್ಗದಂತೆ ಅದರ ಮುಖ್ಯದ್ವಾರಗಳಿಗೆ ಉಕ್ಕಿನ ಬಲೆಗಳನ್ನು ಇಳಿಬಿಡಲಾಗಿತ್ತು. ಪೂರ್ವದ ಕಿರುದಾರಿಗಳಲ್ಲಿ ಹಳೆಯ ಹಡಗುಗಳನ್ನು ಮುಳುಗಿಸಿ ಅಡ್ಡಗಟ್ಟಲಾಗಿತ್ತು.

ಆದರೆ ಕರ್ಕ್ ಸೌಂಡ್ ಎಂಬ ಜಲಸಂಧಿಯಲ್ಲಿ, ಮುಳುಗಿಸಿದ ಹಡಗುಗಳ ನಡುವೆ, ಒಂದು ಕಂಡಿ ಉಳಿದಿತ್ತು. 1939ರ ಅಕ್ಟೋಬರ್ 13ರ ರಾತ್ರಿ, ಉಬ್ಬರದ ವೇಳೆಯಲ್ಲಿ, ಗುಂಥರ್ ಪ್ರೀನ್ ಎಂಬ ಜರ್ಮನ್ ಕಪ್ತಾನನು ಯು-47 ಜಲಾಂತರ್ಗಾಮಿಯನ್ನು ನೀರಿನ ಮೇಲೆಯೇ ನಡೆಸಿ ಅಲ್ಲಿಂದ ಒಳನುಸುಳಿದನು. ನಡುರಾತ್ರಿ ಕಳೆದ ಮೇಲೆ ‘ರಾಯಲ್ ಓಕ್’ ಯುದ್ಧನೌಕೆ ಅವನ ಟಾರ್ಪೆಡೊಗಳಿಗೆ ಬಲಿಯಾಯಿತು. ಮಡಿದವರು 800ಕ್ಕೂ ಹೆಚ್ಚು. ಅವರಲ್ಲಿ 100ಕ್ಕೂ ಹೆಚ್ಚು ಮಂದಿ ಹದಿನೆಂಟು ತುಂಬದ ಹುಡುಗರು. ನಮ್ಮ ಹನ್ನೊಂದು, ಹನ್ನೆರಡನೆಯ ತರಗತಿಯ ಮಕ್ಕಳ ವಯಸ್ಸಿನವರು.

ಬಳಿಕ ಪೂರ್ವದ ದಾರಿಗಳನ್ನು ಶಾಶ್ವತವಾಗಿ ಮುಚ್ಚುವಂತೆ ಚರ್ಚಿಲ್ ಆದೇಶಿಸಿದರು. ಬಂಡೆಗಳನ್ನು ಸುರಿದು, ಮೇಲೆ 5 ಮತ್ತು 10 ಟನ್ ತೂಕದ ಕಾಂಕ್ರೀಟ್ ಗಡ್ಡೆಗಳನ್ನು ಹೊದಿಸಿ ನಾಲ್ಕು ಕಟ್ಟೆಗಳನ್ನು ಕಟ್ಟಲಾಯಿತು. ದುಡಿದವರಲ್ಲಿ ಅನೇಕರು ಇಟಲಿಯ ಯುದ್ಧಕೈದಿಗಳು. ಕೈದಿಗಳಿಂದ ಯುದ್ಧದ ಕೆಲಸ ಮಾಡಿಸುವುದನ್ನು ಜಿನೀವಾ ಒಪ್ಪಂದ ನಿಷೇಧಿಸಿದ್ದುದರಿಂದ, ಇವು ದ್ವೀಪಗಳನ್ನು ಜೋಡಿಸುವ ರಸ್ತೆಗಳೆಂದು ಸಮರ್ಥಿಸಲಾಯಿತು. ಆ ಕೈದಿಗಳು ಎರಡು ತಗಡಿನ ಗುಡಾರಗಳನ್ನು ಕೂಡಿಸಿ ನಿರ್ಮಿಸಿದ ಪ್ರಾರ್ಥನಾಮಂದಿರ ಇಂದಿಗೂ ಇದೆ.

ಕಟ್ಟೆಗಳ ಉದ್ಘಾಟನೆಯಾದುದು 1945ರ ಮೇ 12ರಂದು. ಯುರೋಪಿನಲ್ಲಿ ಯುದ್ಧ ಮುಗಿದು ಅದಾಗಲೇ ನಾಲ್ಕು ದಿನಗಳಾಗಿದ್ದವು. ಅಂದು ನೆಪವಾಗಿದ್ದ ಮಾತು ಇಂದು ನಿಜವಾಗಿದೆ: ದ್ವೀಪವಾಸಿಗಳು ದಿನವೂ ಆ ಕಟ್ಟೆಗಳ ಮೇಲೆಯೇ ಸಂಚರಿಸುತ್ತಾರೆ. ‘ರಾಯಲ್ ಓಕ್’ ಮಾತ್ರ ಆ ಹುಡುಗರೊಡನೆ ಕಡಲಡಿಯಲ್ಲೇ ಉಳಿದಿದೆ.