ಸಕ್ಕರೆಯಿಲ್ಲದ ಸಿಹಿಪಾನೀಯಗಳೂ ದೇಹತೂಕದ ಲೆಕ್ಕವೂ

ನಗರಗಳಲ್ಲಿ ಹಗಲೆಲ್ಲ ಕಚೇರಿಯ ಕುರ್ಚಿಯಲ್ಲಿ ಕುಳಿತು ದುಡಿಯುವ ಮಧ್ಯಮವರ್ಗದವರು ನಲವತ್ತು ದಾಟಿದ ಮೇಲೆ ವೈದ್ಯರಿಂದ ಮತ್ತೆ ಮತ್ತೆ ಕೇಳುವ ಮಾತು ‘ತೂಕ ಇಳಿಸಿ’ ಎಂಬುದು. ಈ ಮಾತನ್ನು ಪಾಲಿಸಹೊರಟವರಿಗೆ ಎಲ್ಲಕ್ಕಿಂತ ಸುಲಭವಾಗಿ ತೋರುವ ಉಪಾಯವೆಂದರೆ, ತಟ್ಟೆಯಲ್ಲಿ ಏನನ್ನೂ ಕಡಿಮೆ ಮಾಡದೆ ಬಾಟಲಿಯನ್ನು ಮಾತ್ರ ಬದಲಿಸುವುದು. ಸಕ್ಕರೆಯ ಕೋಲಾ ಇದ್ದೆಡೆಗೆ ‘ಡಯಟ್’ ಅಥವಾ ‘ಜೀರೋ’ ಎಂಬ ಹೆಸರು ಹೊತ್ತ ಕೋಲಾ ಬರುತ್ತದೆ. ನೊರೆ ಅದೇ, ಬಣ್ಣ ಅದೇ, ರುಚಿಯೂ ಹೆಚ್ಚುಕಡಿಮೆ ಅದೇ. ಕ್ಯಾಲರಿ ಮಾತ್ರ ಸೊನ್ನೆ. ಇದರಿಂದ ತೂಕ ಇಳಿಯುವುದೆ? ಇಳಿಯುವುದೆಂದು ಹೇಳುವ ಸಂಶೋಧಕರೂ ಉಂಟು, ಇಳಿಯದೆಂದು ಹೇಳುವವರೂ ಉಂಟು. ಇಬ್ಬರ ಕೈಯಲ್ಲೂ ಪ್ರಯೋಗದ ಆಧಾರಗಳಿವೆ. ಈ ವಿರೋಧಕ್ಕೆ ಮುಖ್ಯ ಕಾರಣ ಪ್ರಶ್ನೆಯೇ ಅರ್ಧವಾಗಿರುವುದು. ಯಾವುದರ ಬದಲಾಗಿ ಕುಡಿದರೆ ಎಂಬುದನ್ನು ಸೇರಿಸಿಕೊಂಡು ಕೇಳಿದಲ್ಲದೆ ಉತ್ತರ ದೊರೆಯುವಂತಿಲ್ಲ.

ಮೊದಲಿಗೆ ಒಂದು ಸಂಗತಿಯನ್ನು ನೆನಪಿಡಬೇಕು: ಈ ಪಾನೀಯಗಳು ಸ್ಥೂಲಕಾಯರಿಗಾಗಿ ಹುಟ್ಟಿದವಲ್ಲ. ಅವುಗಳೊಳಗಿನ ಸಿಹಿಯಂತೂ ಯಾರಿಗಾಗಿಯೂ ಹುಟ್ಟಿದ್ದಲ್ಲ. 1879ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ಐರಾ ರೆಮ್ಸೆನ್ನರ ಪ್ರಯೋಗಶಾಲೆಯಲ್ಲಿ ಕಲ್ಲಿದ್ದಲ ಟಾರಿನಿಂದ ಬರುವ ದ್ರವ್ಯಗಳನ್ನು ಶೋಧಿಸುತ್ತಿದ್ದ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಎಂಬ ರಸಾಯನಜ್ಞನು ಕೈಯನ್ನು ಸರಿಯಾಗಿ ತೊಳೆಯದೆ ಊಟಕ್ಕೆ ಕುಳಿತಾಗ ಅವನ ಬೆರಳಿಗೆ ಅಂಟಿದ್ದ ಸಿಹಿಯೇ ಸ್ಯಾಕರೀನ್. 1937ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮೈಕೆಲ್ ಸ್ವೇಡಾ ಪ್ರಯೋಗಶಾಲೆಯಲ್ಲಿ ಸೇದುತ್ತಿದ್ದ ಸಿಗರೇಟು ಸಿಹಿಯಾಗಿ ತೋರಿದ್ದರಿಂದ ಸೈಕ್ಲಮೇಟ್ ಪತ್ತೆಯಾಯಿತು. 1965ರಲ್ಲಿ ಜಠರದ ಹುಣ್ಣಿನ ಔಷಧಿಯನ್ನು ಹುಡುಕುತ್ತಿದ್ದ ಜೇಮ್ಸ್ ಶ್ಲಾಟರ್, ಕಾಗದವನ್ನೆತ್ತಿಕೊಳ್ಳಲು ಬೆರಳನ್ನು ನಾಲಿಗೆಗೆ ಮುಟ್ಟಿಸಿದಾಗ ಅಸ್ಪಾರ್ಟೇಮ್ ಸಿಕ್ಕಿತು. ಇನ್ನು 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಲೆಸ್ಲಿ ಹಫ್ ಅವರ ಕೈಕೆಳಗೆ ದುಡಿಯುತ್ತಿದ್ದ ಶಶಿಕಾಂತ ಫಡ್ನಿಸರ ಕಥೆಯಂತೂ ಪ್ರಸಿದ್ಧವೇ ಆಗಿದೆ. ಕ್ಲೋರಿನ್ ಸೇರಿಸಿದ ಸಕ್ಕರೆಯನ್ನು ‘ಟೆಸ್ಟ್’ ಮಾಡಿ ಎಂದು ಹೇಳಿದ್ದನ್ನು ಅವರು ‘ಟೇಸ್ಟ್’ ಮಾಡಿ ಎಂದು ಕೇಳಿಸಿಕೊಂಡು ನಾಲಿಗೆಯ ಮೇಲಿಟ್ಟರಂತೆ. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಸುಕ್ರಲೋಸ್ ಹೀಗೆ ಒಂದು ಸ್ವರದ ವ್ಯತ್ಯಾಸದಿಂದ ಲೋಕಕ್ಕೆ ಬಂತು. ಭಾರತೀಯನ ಇಂಗ್ಲಿಷ್ ಕಿವಿಯಿಂದ ವಿಜ್ಞಾನಕ್ಕೆ ಆದ ಲಾಭಗಳಲ್ಲಿ ಇದನ್ನೂ ಎಣಿಸಬಹುದು.

ಸಿಹಿ ದೊರೆತ ಮೇಲೆ ಅದನ್ನು ಬಾಟಲಿಗೆ ತುಂಬಿದ್ದು ರೋಗಿಗಳ ಸಲುವಾಗಿ. 1952ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಹೈಮನ್ ಕಿರ್ಶ್ ಎಂಬ ಸೋಡಾ ತಯಾರಕನು ದೀರ್ಘರೋಗಿಗಳ ಆಸ್ಪತ್ರೆಯೊಂದರಲ್ಲಿದ್ದ ಮಧುಮೇಹಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಸೈಕ್ಲಮೇಟ್ ಬೆರೆಸಿದ ‘ನೋ-ಕ್ಯಾಲ್’ ಎಂಬ ಶುಂಠಿಯ ಪಾನೀಯವನ್ನು ಹೊರತಂದನು. ಆದರೆ ಅಂಗಡಿಯಲ್ಲಿ ಅದನ್ನು ಕೊಂಡವರಲ್ಲಿ ಮೈ ಇಳಿಸಲು ಬಯಸಿದವರೇ ಬಹಳವೆಂಬುದು ಬೇಗನೆ ತಿಳಿಯಿತು. ಜಾಹೀರಾತಿನ ಮುಖವೂ ಅತ್ತಲೇ ತಿರುಗಿತು. 1958ರಲ್ಲಿ ‘ಡಯಟ್ ರೈಟ್’, 1963ರಲ್ಲಿ ಕೋಕಾ-ಕೋಲಾ ಕಂಪನಿಯ ‘ಟ್ಯಾಬ್’, 1964ರಲ್ಲಿ ‘ಡಯಟ್ ಪೆಪ್ಸಿ’, 1982ರಲ್ಲಿ ‘ಡಯಟ್ ಕೋಕ್’ ಬಂದವು. ಮಧುಮೇಹಿಗೆ ಇದು ಪಥ್ಯವಾಗಿದ್ದಿತು. ಸ್ಥೂಲನಿಗೆ ಇದೇ ಔಷಧಿಯೆಂಬ ಭಾವನೆ ಬೆಳೆಯಿತು. ಪಥ್ಯಕ್ಕೂ ಔಷಧಿಗೂ ಇರುವ ಅಂತರವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು: ಪಥ್ಯ ಕೆಡುಕನ್ನು ದೂರವಿಡುವುದಲ್ಲದೆ ತಾನಾಗಿ ರೋಗವನ್ನು ಹೊಡೆಯದು.

ಈಗ ಲೆಕ್ಕಕ್ಕೆ ಬರೋಣ. ಸಾಮಾನ್ಯ ಕೋಲಾದ 100 ಮಿಲಿಲೀಟರಿನಲ್ಲಿ ಸುಮಾರು 10.6 ಗ್ರಾಂ ಸಕ್ಕರೆಯಿರುತ್ತದೆ. 300 ಮಿಲಿಲೀಟರಿನ ಒಂದು ಬಾಟಲಿಗೆ 32 ಗ್ರಾಂ. ಗ್ರಾಮಿಗೆ 4ರಂತೆ 127 ಕ್ಯಾಲರಿ. ದೇಹದ ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಸಂಗ್ರಹವಾಗಿರುವ ಶಕ್ತಿ ಸುಮಾರು 7,700 ಕ್ಯಾಲರಿ. ದಿನಕ್ಕೊಂದು ಬಾಟಲಿಯನ್ನು ಬಿಟ್ಟು ಸಕ್ಕರೆಯಿಲ್ಲದ್ದನ್ನು ಕುಡಿದವನಿಗೆ ತಿಂಗಳಿಗೆ 3,810 ಕ್ಯಾಲರಿಯ, ಎಂದರೆ ಅರ್ಧ ಕಿಲೋಗ್ರಾಮಿನ ಉಳಿತಾಯ. ವರ್ಷಕ್ಕೆ ಆರು ಕಿಲೋಗ್ರಾಂ. ಕೀರ್ದಿ ಬರೆಯುವವನ ದೃಷ್ಟಿಯಿಂದ ಈ ಗಣಿತದಲ್ಲಿ ದೋಷವಿಲ್ಲ. ಆದರೆ ದೇಹವು ಕೀರ್ದಿಯ ಪುಸ್ತಕವಲ್ಲ.

ಇದನ್ನು ಅತ್ಯಂತ ಸ್ವಚ್ಛವಾಗಿ ತೋರಿಸಿಕೊಟ್ಟ ಪ್ರಯೋಗವು ಹಾಲೆಂಡಿನಲ್ಲಿ ನಡೆದು 2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಮಾರು 5ರಿಂದ 12 ವರ್ಷದೊಳಗಿನ, ಸಹಜ ತೂಕದ 641 ಮಕ್ಕಳನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ದಿನವೂ 104 ಕ್ಯಾಲರಿಯುಳ್ಳ 250 ಮಿಲಿಲೀಟರ್ ಸಕ್ಕರೆ ಪಾನೀಯವನ್ನೂ, ಇನ್ನೊಂದಕ್ಕೆ ಅದೇ ರುಚಿಯ ಸಕ್ಕರೆಯಿಲ್ಲದ ಪಾನೀಯವನ್ನೂ ಹದಿನೆಂಟು ತಿಂಗಳು ಕೊಡಲಾಯಿತು. ಯಾರಿಗೆ ಯಾವುದು ಹೋಗುತ್ತಿದೆಯೆಂಬುದು ಮಕ್ಕಳಿಗೂ ತಿಳಿಯದು, ಕೊಡುವವರಿಗೂ ತಿಳಿಯದು. ಬೆಳೆಯುವ ಮಕ್ಕಳಾದ್ದರಿಂದ ಎರಡೂ ಪಂಗಡಗಳ ತೂಕ ಏರಿತು: ಸಕ್ಕರೆ ಕುಡಿದವರದು 7.37 ಕಿಲೋಗ್ರಾಂ, ಕುಡಿಯದವರದು 6.35. ಅಂತರ ಒಂದು ಕಿಲೋಗ್ರಾಂ. ಮೇಲಿನ ಗಣಿತದಂತೆ ನೋಡಿದರೆ ಈ ಅವಧಿಯ ಅಂತರ ಏಳು ಕಿಲೋಗ್ರಾಮಿಗೂ ಮೀರಬೇಕಾಗಿತ್ತು! ಉಳಿದ ಆರು ಎಲ್ಲಿ ಹೋಯಿತು? ಕುಡಿಯುವುದನ್ನು ನಡುವೆ ಬಿಟ್ಟ ಮಕ್ಕಳಿದ್ದರು ಎಂಬುದು ಒಂದು ಕಾರಣ. ಒಂದೆಡೆ ಕಡಿಮೆಯಾದ ಶಕ್ತಿಯನ್ನು ಹಸಿವು ಇನ್ನೊಂದೆಡೆ ತುಂಬಿಸಿಕೊಳ್ಳುತ್ತದೆ ಎಂಬುದು ಎರಡನೆಯದು. ಭಾರವಾಗುವ ದೇಹ ತನ್ನನ್ನು ತಾನು ಹೊತ್ತುಕೊಳ್ಳಲೆಂದೇ ಹೆಚ್ಚು ಶಕ್ತಿಯನ್ನು ಸುಡುತ್ತದಾದ್ದರಿಂದ ಅಂತರವು ಕಾಗದದ ಮೇಲಿನಷ್ಟು ಬೆಳೆಯಲಾರದೆಂಬುದು ಮೂರನೆಯದು. ಹೀಗಿದ್ದರೂ ಅಂತರ ಒಂದು ಕಿಲೋಗ್ರಾಂ ಉಳಿದೇ ಉಳಿಯಿತೆಂಬುದನ್ನು ಮರೆಯಲಾಗದು. ಸಕ್ಕರೆಯ ಪಾನೀಯದ ಬದಲಿಗೆ ಕುಡಿದಾಗ ಲಾಭ ಸಣ್ಣದು, ಆದರೆ ಸುಳ್ಳಲ್ಲ.

ನೀರಿನ ಬದಲಾಗಿ ಕುಡಿದರೇನು? ಇಲ್ಲಿ ವಿಷಯ ಜಟಿಲವಾಗುತ್ತದೆ. ಅಮೆರಿಕದಲ್ಲಿ 303 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೂಕ ಇಳಿಸುವ ಶಿಕ್ಷಣ ಪಡೆಯುತ್ತ ಡಯಟ್ ಪಾನೀಯ ಕುಡಿದವರು ಹನ್ನೆರಡು ವಾರಗಳಲ್ಲಿ 5.95 ಕಿಲೋಗ್ರಾಂ ಇಳಿದರು. ಅದೇ ಶಿಕ್ಷಣದೊಡನೆ ಬರಿಯ ನೀರು ಕುಡಿದವರು 4.09 ಕಿಲೋಗ್ರಾಂ ಮಾತ್ರ. ಮರುವರ್ಷ, 2015ರಲ್ಲಿ, ಇರಾನಿನ ತೆಹರಾನಿನಿಂದ ಬಂದ ವರದಿ ಇದಕ್ಕೆ ವಿರುದ್ಧ. ಅಲ್ಲಿ ಪಥ್ಯಾಹಾರದಲ್ಲಿದ್ದ ಮಹಿಳೆಯರಲ್ಲಿ ಊಟದ ತರುವಾಯ ನೀರು ಕುಡಿದವರು ಇಪ್ಪತ್ತನಾಲ್ಕು ವಾರಗಳಲ್ಲಿ 8.8 ಕಿಲೋಗ್ರಾಂ, ಡಯಟ್ ಪಾನೀಯ ಕುಡಿದವರು 7.6 ಕಿಲೋಗ್ರಾಂ ಕಳೆದುಕೊಂಡರು. ಅಮೆರಿಕದ ಪ್ರಯೋಗಕ್ಕೆ ಹಣವಿತ್ತದ್ದು ಅಲ್ಲಿನ ಪಾನೀಯ ತಯಾರಕರ ಸಂಘ ಎಂಬುದನ್ನು ಗಮನಿಸಬೇಕು. ಅಷ್ಟರಿಂದಲೇ ಅದನ್ನು ಸುಳ್ಳೆನ್ನುವುದು ನ್ಯಾಯವಲ್ಲ. ಸಾಲ ಕೇಳಲು ಬಂದವನು ತಾನೇ ತಯಾರಿಸಿಕೊಂಡು ತಂದ ಆಸ್ತಿಪಟ್ಟಿಯನ್ನು ಓದುವಷ್ಟು ಎಚ್ಚರದಿಂದ ಅದನ್ನು ಓದಿದರೆ ಸಾಕು. ಇಷ್ಟಕ್ಕೂ ಎರಡೂ ಕಡೆ ಹೆಚ್ಚಿನ ಕೆಲಸ ಮಾಡಿದ್ದು ಆಹಾರದ ನಿಯಮ. ಬಾಟಲಿಯ ಪಾತ್ರ ಒಂದೆರಡು ಕಿಲೋಗ್ರಾಮಿನದು.

ಡಯಟ್ ಪಾನೀಯ ಕುಡಿಯುವವರೇ ಹೆಚ್ಚು ದಪ್ಪವಾಗುತ್ತಾರೆ, ಅವರಲ್ಲೇ ಮಧುಮೇಹ ಹೆಚ್ಚು ಎಂಬ ಸುದ್ದಿ ವೃತ್ತಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಇದು ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅವಲೋಕನಗಳಿಂದ ಹೊರಟ ಮಾತು. ಆದರೆ ಕೊಡೆ ಹಿಡಿದವರು ಬೀದಿಯಲ್ಲಿ ಹೆಚ್ಚಾದ ದಿನ ಮುಂಬಯಿಯಲ್ಲಿ ಮಳೆಯೂ ಹೆಚ್ಚಾಗಿರುತ್ತದೆಯಲ್ಲವೆ? ಮಳೆಯನ್ನು ಕೊಡೆ ತರಲಿಲ್ಲ. ತೂಕ ಏರುತ್ತಿದೆಯೆಂದು ಅಳುಕಿದವರೇ ಡಯಟ್ ಪಾನೀಯಕ್ಕೆ ಕೈಹಾಕುವವರಾದ್ದರಿಂದ ಇಂಥ ಅವಲೋಕನಗಳಿಂದ ಕಾರಣ ಯಾವುದು, ಕಾರ್ಯ ಯಾವುದು ಎಂದು ನಿಶ್ಚಯಿಸುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಿನಲ್ಲಿ ಎರಡೂ ಬಗೆಯ ಸಾಕ್ಷ್ಯಗಳನ್ನು ತೂಗಿ ನೋಡಿತು. ಅಲ್ಪಾವಧಿಯ ಪ್ರಯೋಗಗಳಲ್ಲಿ ಕಂಡ ಇಳಿಕೆ ಸರಾಸರಿ ಮುಕ್ಕಾಲು ಕಿಲೋಗ್ರಾಮಿಗೆ ಸಮೀಪ. ದೀರ್ಘಾವಧಿಯಲ್ಲಿ ಲಾಭಕ್ಕೆ ಆಧಾರವಿಲ್ಲ. ಆದುದರಿಂದ ತೂಕವನ್ನು ಹತೋಟಿಯಲ್ಲಿಡುವ ಸಾಧನವಾಗಿ ಈ ಸಿಹಿಗಳನ್ನು ಬಳಸದಿರುವುದೇ ಮೇಲು ಎಂದು ಅದು ಸೂಚಿಸಿತು. ಈ ಸೂಚನೆ ಷರತ್ತಿಗೊಳಪಟ್ಟದ್ದು, ಮತ್ತು ಈಗಾಗಲೇ ಮಧುಮೇಹವುಳ್ಳವರಿಗೆ ಅನ್ವಯಿಸತಕ್ಕದ್ದಲ್ಲ. ಪತ್ರಿಕೆಗಳ ತಲೆಬರಹಗಳಲ್ಲಿ ಈ ಎರಡು ಮಾತುಗಳು ಬಿಟ್ಟುಹೋದವು.

ಅದೇ ವರ್ಷದ ಜುಲೈಯಲ್ಲಿ ಅಸ್ಪಾರ್ಟೇಮನ್ನು ‘ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ’ ವಸ್ತುಗಳ ಪಟ್ಟಿಗೆ ಸೇರಿಸಿದಾಗ ಗುಲ್ಲು ಇನ್ನೂ ದೊಡ್ಡದಾಯಿತು. ಸಾಕ್ಷ್ಯ ಅಲ್ಪವಾಗಿರುವ ವಸ್ತುಗಳ ಪಟ್ಟಿಯದು. ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 40 ಮಿಲಿಗ್ರಾಂ ಎಂಬ ಹಿಂದಿನ ಮಿತಿಯನ್ನು ತಜ್ಞರ ಸಮಿತಿ ಬದಲಿಸಲಿಲ್ಲ. 70 ಕಿಲೋಗ್ರಾಂ ತೂಕದ ವ್ಯಕ್ತಿ ಆ ಮಿತಿಯನ್ನು ಮುಟ್ಟಬೇಕಾದರೆ ದಿನಕ್ಕೆ 9ರಿಂದ 14 ಡಬ್ಬಿಗಳನ್ನು ಬರಿದುಮಾಡಬೇಕಾದೀತು. ಫಿನೈಲ್‌ಕೀಟೋನ್ಯೂರಿಯ ಎಂಬ ಅಪರೂಪದ ಆನುವಂಶಿಕ ದೋಷವುಳ್ಳವರಿಗೆ ಮಾತ್ರ ಅದು ನಿಜವಾಗಿಯೂ ವರ್ಜ್ಯ. ಹಲ್ಲಿನ ವಿಷಯ ಬೇರೆ: ಸಕ್ಕರೆಯಿಲ್ಲದಿದ್ದರೂ ಕೋಲಾದಲ್ಲಿ ಆಮ್ಲವಿರುತ್ತದೆ, ಅದು ಹಲ್ಲಿನ ಹೊಳಪನ್ನು ಸವೆಸುತ್ತದೆ.

ಈ ಚರ್ಚೆ ಭಾರತೀಯರಿಗೆ ಬರಿಯ ಕುತೂಹಲದ್ದಲ್ಲ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಡಾ. ಜಾನ್ ಯುಡ್ಕಿನ್ನರೂ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಭಾವಚಿತ್ರವನ್ನು ಜೊತೆಯಾಗಿ ಅಚ್ಚುಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3, ಆದರೆ ಯುಡ್ಕಿನ್ನರ ದೇಹದಲ್ಲಿ ಮೇದಸ್ಸು ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2. ನೋಡಲು ತೆಳ್ಳಗಿರುವ ಭಾರತೀಯನೂ ಒಳಗೆ ಕೊಬ್ಬನ್ನು ಹೊತ್ತಿರಬಹುದೆಂಬುದಕ್ಕೆ ಇದಕ್ಕಿಂತ ಚೊಕ್ಕವಾದ ನಿದರ್ಶನ ಸಿಗಲಾರದು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಗೂ ಮೇಲೆ. ಅದರ ಹೊಸ್ತಿಲಲ್ಲಿರುವವರು 13 ಕೋಟಿಗೂ ಮೇಲೆ. ಕೆಲವೇ ಕಿಲೋಗ್ರಾಮುಗಳ ಇಳಿಕೆ ಇಂಥವರಿಗೆ ಬಹಳ ಬೆಲೆಯುಳ್ಳದ್ದು. ಆದಕಾರಣ ಆ ಇಳಿಕೆಯನ್ನು ಸರಿಯಾದ ಕಡೆ ಹುಡುಕಬೇಕಾಗುತ್ತದೆ.

ಸರಕಾರದ ತೆರಿಗೆಯಿಂದ ಈ ಹುಡುಕಾಟಕ್ಕೆ ಸಹಾಯವೇನೂ ಇಲ್ಲ. ಬ್ರಿಟನ್ನಿನಲ್ಲಿ 2018ರಿಂದ ಸಕ್ಕರೆಯ ಪ್ರಮಾಣವನ್ನು ನೋಡಿ ಕರ ಹಾಕುತ್ತಾರಾಗಿ ಡಯಟ್ ಪಾನೀಯ ಅದರಿಂದ ಮುಕ್ತ. ನಮ್ಮಲ್ಲಿ 2025ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಶೇಕಡಾ 40ರ ಸರಕು ಸೇವಾ ತೆರಿಗೆ ಸಕ್ಕರೆಯ ಕೋಲಾಕ್ಕೂ ಸಕ್ಕರೆಯಿಲ್ಲದ ಕೋಲಾಕ್ಕೂ ಒಂದೇ.

ಹಾಗಾದರೆ ಲಾಭ ಯಾರಿಗೆ? ದಿನಕ್ಕೆ ಒಂದೆರಡು ಬಾಟಲಿ ಸಕ್ಕರೆಯ ಕೋಲಾ ಕುಡಿಯುವ ಚಟ ಹತ್ತಿಸಿಕೊಂಡವನಿಗೆ. ಅದರಲ್ಲೂ ನೇರವಾಗಿ ನೀರಿಗೆ ಇಳಿಯಲಾರದವನಿಗೆ. ಕಾಲೇಜು ಓದುವ ಹುಡುಗರಲ್ಲಿ ಇಂಥವರು ಅನೇಕರು. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಮಸಾಲೆದೋಸೆ, ಮೇಲೊಂದು ಶಿರಾ ತಿಂದು, ‘ಕುಡಿದದ್ದು ಡಯಟ್ ತಾನೆ’ ಎಂಬ ಸಮಾಧಾನದಿಂದ ಮತ್ತೊಂದು ವಡೆಗೆ ಹೇಳುವವನಿಗೆ ಇದು ಲಾಭವಲ್ಲ, ನಷ್ಟ. ಏಕೆಂದರೆ ಅವನು ಮಾಡದ ಉಳಿತಾಯದ ಮೇಲೆ ಖರ್ಚು ಮಾಡುತ್ತಿದ್ದಾನೆ. ಬೆಲ್ಲದ ಪಾನಕ ದೇಶೀಯವಾದದ್ದರಿಂದ ತೂಕಕ್ಕೆ ಬಾರದೆಂಬ ನಂಬಿಕೆಯೂ ಇದೇ ಜಾತಿಯದು. ಕ್ಯಾಲರಿಯ ಲೆಕ್ಕದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಇರುವ ವ್ಯತ್ಯಾಸ ಅತ್ಯಲ್ಪ. ಉಪ್ಪು ಹಾಕಿದ ನೀರುಮಜ್ಜಿಗೆಗೆ ಈ ದೋಷವಿಲ್ಲ.

ಆದರೆ ಹೊರನಾಡಿನ ನಡುವಯಸ್ಸಿನ ಕನ್ನಡಿಗರಲ್ಲಿ ದಿನವೂ ಕೋಲಾ ಕುಡಿಯುವವರು ಎಷ್ಟು ಮಂದಿ? ಅವರ ಸಕ್ಕರೆ ಬರುವ ದಾರಿಯೇ ಬೇರೆ. ಬೆಳಗಿನ ಫಿಲ್ಟರ್ ಕಾಫಿ, ಕಚೇರಿಯಲ್ಲಿ ಎರಡು ಸಲ ಚಹಾ, ಸಂಜೆ ಮನೆಗೆ ಬಂದಾಗ ಇನ್ನೊಂದು ಕಾಫಿ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಎಂಟು ಚಮಚ. ಚಮಚಕ್ಕೆ 4 ಗ್ರಾಂ ಹಿಡಿದರೂ 32 ಗ್ರಾಂ. ಒಂದು ಬಾಟಲಿ ಕೋಲಾದಲ್ಲಿರುವಷ್ಟೇ. ಇಂಥವರು ಔತಣದ ದಿನ ಡಯಟ್ ಕೋಲಾ ಕೇಳಿ ಕುಡಿದರೆ ವರ್ಷದ ಕೊನೆಗೆ ತಕ್ಕಡಿಯ ಮುಳ್ಳು ಕದಲದು. ಅದೇ ಅವರು ಪ್ರತಿ ಲೋಟದಿಂದ ಒಂದೊಂದು ಚಮಚವನ್ನು ತೆಗೆದರೆ ದಿನಕ್ಕೆ 16 ಗ್ರಾಂ, 64 ಕ್ಯಾಲರಿ ಇಳಿಯುತ್ತದೆ. ಅರ್ಧ ಸಕ್ಕರೆಯ ಕಾಫಿ ಮೊದಲ ಕೆಲವು ದಿನ ಕಹಿಯಾಗಿ ತೋರುವುದುಂಟು. ಕೆಲವು ವಾರ ಕಳೆದ ಮೇಲೆ ಹಳೆಯ ಎರಡು ಚಮಚದ ಕಾಫಿಯೇ ಬಾಯಿಗೆ ಅತಿಯಾಗಿ ತೋರತೊಡಗುತ್ತದೆ.