ಮಡಚುವ ಸರಪಳಿಗಳು: ಪ್ರಕೃತಿಯ ಗುತ್ತಿಗೆಯಲ್ಲ, ಬರೀ ಅಂಟಿನ ಕೆಲಸವೂ ಅಲ್ಲ

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರ ತಲೆಯಲ್ಲಿ ಪ್ರೋಟೀನ್ ಎಂದರೆ ಒಂದು ಸಿದ್ಧ ಚಿತ್ರ ಇರುತ್ತದೆ. 20 ಬಗೆಯ ಅಮೈನೊ ಆಮ್ಲಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾಗುತ್ತವೆ, ಸರಪಳಿ ಸುರುಳಿ ಸುತ್ತಿ ಮಡಚಿಕೊಂಡು ಒಂದು ಖಚಿತ ಆಕಾರಕ್ಕೆ ಬರುತ್ತದೆ, ಆಕಾರ ಕೆಟ್ಟರೆ ಕೆಲಸವೂ ಕೆಟ್ಟಿತು. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಇದರ ಬೆನ್ನಿಗೇ ಕೆಲವು ನಂಬಿಕೆಗಳೂ ಬಂದು ಕೂತಿರುತ್ತವೆ. ಅವುಗಳಲ್ಲಿ ಬಹುಪಾಲು ತಪ್ಪು ಎಂದು ತೋರಿಸಿಕೊಟ್ಟದ್ದು ಪ್ರಯೋಗಾಲಯದಲ್ಲಿ ಕಟ್ಟಿದ ಸರಪಳಿಗಳು. ಇವು ನೋಡಲು ಪೆಪ್ಟೈಡ್‌ನ, ಅಂದರೆ ಅಮೈನೊ ಆಮ್ಲಗಳ ಚಿಕ್ಕ ಸರಪಳಿಯ, ಹಾಗೇ ಇದ್ದರೂ ಜೀವಿಗಳಲ್ಲಿ ಸಿಗುವಂಥವಲ್ಲ, ಆದರೂ ಅಚ್ಚುಕಟ್ಟಾಗಿ ಮಡಚಿಕೊಳ್ಳುತ್ತವೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಗೆಲ್‌ಮನ್ ಇವಕ್ಕೆ ‘ಫೋಲ್ಡಮರ್’ ಎಂದು ಹೆಸರಿಟ್ಟರು. 1998ರಲ್ಲಿ ಈ ಬಗ್ಗೆ ಬರೆದ ಲೇಖನವನ್ನು ಅವರು ಪ್ರಣಾಳಿಕೆ ಎಂದೇ ಕರೆದಿದ್ದರು. ರಸಾಯನ ವಿಜ್ಞಾನಿಗಳು ಪ್ರಣಾಳಿಕೆ ಹೊರಡಿಸುವುದು ಅಪರೂಪ.

ನಂಬಿಕೆ: ಮಡಚಿಕೊಳ್ಳುವ ವಿದ್ಯೆ ಆ 20 ಅಮೈನೊ ಆಮ್ಲಗಳಿಗೆ ಮಾತ್ರ ಗೊತ್ತು

ಈ ಗಡಿಯನ್ನು ಪ್ರಕೃತಿಯೇ ಪಾಲಿಸಿಲ್ಲ. ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗ ಬಾರದಿರಲೆಂದು ನಮ್ಮ ರೈತರು ಬುಡಕ್ಕೆ ಹಾಕುವ ಟ್ರೈಕೋಡರ್ಮಾ ಶಿಲೀಂಧ್ರವನ್ನೇ ತೆಗೆದುಕೊಳ್ಳಿ. ಅದರ ಬಳಗದ ಒಂದು ಜಾತಿ ಅಲಮೆಥಿಸಿನ್ ಎಂಬ ಪೆಪ್ಟೈಡ್ ತಯಾರಿಸುತ್ತದೆ. ಅದರಲ್ಲಿ ಮತ್ತೆ ಮತ್ತೆ ಬರುವ ಒಂದು ಅಮೈನೊ ಆಮ್ಲ ಪಠ್ಯಪುಸ್ತಕದ ಪಟ್ಟಿಯಲ್ಲಿಲ್ಲ. ಪೂರ್ತಿ ಹೆಸರು ಆಲ್ಫಾ ಅಮೈನೊ ಐಸೊಬ್ಯುಟಿರಿಕ್ ಆಮ್ಲ, ಚಿಕ್ಕದಾಗಿ ಎಐಬಿ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಬಳಿ ಬಿದ್ದ ಉಲ್ಕಾಶಿಲೆಯಲ್ಲೂ ಇದು ಸಿಕ್ಕಿದೆ.

ಎಐಬಿಯ ರಚನೆ ತೀರಾ ಸರಳ. ಅಲನಿನ್ ಎಂಬ ಮಾಮೂಲಿ ಅಮೈನೊ ಆಮ್ಲದ ನಡುವಿನ ಇಂಗಾಲಕ್ಕೆ ಒಂದು ಹೈಡ್ರೋಜನ್, ಒಂದು ಮಿಥೈಲ್ ಗುಂಪು ಅಂಟಿಕೊಂಡಿರುತ್ತವೆ. ಆ ಹೈಡ್ರೋಜನ್ ತೆಗೆದು ಅಲ್ಲೂ ಒಂದು ಮಿಥೈಲ್ ಕೂರಿಸಿದರೆ ಎಐಬಿ. ಇಷ್ಟು ಸಣ್ಣ ಬದಲಾವಣೆಯಿಂದ ಏನಾಗುತ್ತದೆ ಎಂದು ತಿಳಿಯಲು 1963ರ ಮದ್ರಾಸಿಗೆ ಹೋಗಬೇಕು.

ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅಲ್ಲಿ ಒಂದು ನೇರ ಪ್ರಶ್ನೆ ಕೇಳಿಕೊಂಡರು. ಪೆಪ್ಟೈಡ್ ಸರಪಳಿಯ ಪ್ರತಿ ಕೊಂಡಿಯಲ್ಲೂ ತಿರುಗಲು ಬರುವ ಬಂಧಗಳು ಎರಡು. ಆ ಎರಡು ಕೋನಗಳಿಗೆ ಫೈ, ಸೈ ಎಂದು ಹೆಸರು. ಪರಮಾಣುಗಳನ್ನು ಗಟ್ಟಿ ಗೋಲಿಗಳೆಂದು ಭಾವಿಸಿ ಈ ಎರಡು ಕೋನಗಳನ್ನು ತಿರುಗಿಸುತ್ತ ಹೋದರೆ ಎಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಎಲ್ಲಿ ಜಾಗ ಇದೆ? ಲೆಕ್ಕ ಹಾಕಿ ನಕ್ಷೆ ಬರೆದರು. ಸುಮಾರು ಮುಕ್ಕಾಲು ಭಾಗ ನಕ್ಷೆಗೆ ಪ್ರವೇಶವೇ ಇರಲಿಲ್ಲ. ನೂಲಿನ ಎಳೆ ಹೇಗೆ ಬೇಕಾದರೂ ಮುದುಡುತ್ತದೆ. ಸೈಕಲ್ ಚೈನನ್ನು ಪಕ್ಕಕ್ಕೆ ಬಾಗಿಸಲು ಹೋದರೆ ಅದು ಕೈಗೆ ಎದುರು ನಿಲ್ಲುತ್ತದೆ. ಪೆಪ್ಟೈಡ್ ಈ ಎರಡನೆಯ ಜಾತಿಗೆ ಸೇರಿದ್ದು.

ಎಐಬಿಯ ಹೆಚ್ಚುವರಿ ಮಿಥೈಲ್ ಈ ನಕ್ಷೆಯಲ್ಲಿ ಉಳಿದಿದ್ದ ಜಾಗವನ್ನೂ ಬಹುಮಟ್ಟಿಗೆ ಮುಚ್ಚಿಬಿಡುತ್ತದೆ. ಉಳಿಯುವುದು ಮುಖ್ಯವಾಗಿ ಸುರುಳಿಯ ಪ್ರದೇಶಗಳು, ಬಲಗೈ ಸುರುಳಿಯದೊಂದು, ಎಡಗೈ ಸುರುಳಿಯದೊಂದು. ಹಾಗಾಗಿ ಎಐಬಿ ಇರುವ ಸರಪಳಿ ಚಿಕ್ಕದಾಗಿದ್ದರೂ ಸುರುಳಿ ಸುತ್ತುತ್ತದೆ; ಬೇರೆ ಕಡೆ ಹೋಗಲು ಅದಕ್ಕೆ ದಾರಿಯೇ ಕಡಿಮೆ. ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದ ಕೆಲಸದ ದೊಡ್ಡ ಪಾಲು ನಡೆದದ್ದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ರಾಮಚಂದ್ರನ್ ಅಲ್ಲಿ ಅಣುಜೀವಭೌತ ವಿಜ್ಞಾನ ವಿಭಾಗ ಕಟ್ಟಿದರು. ಅದೇ ವಿಭಾಗದ ಪಿ. ಬಲರಾಂ ದಶಕಗಳ ಕಾಲ ಎಐಬಿ ಸೇರಿಸಿದ ಪೆಪ್ಟೈಡ್‌ಗಳನ್ನು ತಯಾರಿಸಿದರು. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿದ್ದ ಇಸಬೆಲ್ಲಾ ಕಾರ್ಲೆ ಅವುಗಳ ಹರಳುಗಳ ಮೇಲೆ ಎಕ್ಸ್-ರೇ ಹಾಯಿಸಿ ಒಂದೊಂದು ಪರಮಾಣು ಎಲ್ಲಿದೆ ಎಂದು ಬಿಡಿಸಿ ತೋರಿಸಿದರು. ಫೋಲ್ಡಮರ್ ಎಂಬ ಹೆಸರು ಹುಟ್ಟುವ ಮೊದಲೇ ಈ ಕೆಲಸ ಶುರುವಾಗಿತ್ತು. ವಿದೇಶದ ಸಮೀಕ್ಷಾ ಲೇಖನಗಳು ಕಥೆಯನ್ನು 1996ರಿಂದ, ಅಂದರೆ ಮುಂದೆ ಹೇಳಲಿರುವ ಬೀಟಾ ಸರಪಳಿಗಳಿಂದ, ಆರಂಭಿಸುವುದನ್ನು ನೋಡಿದಾಗ ನನಗೆ ಸ್ವಲ್ಪ ಕಿರಿಕಿರಿಯಾಗುತ್ತದೆ.

ನಂಬಿಕೆ: ಕೊಂಡಿ ಉದ್ದವಾದರೆ ಸರಪಳಿ ಸಡಿಲವಾಗುತ್ತದೆ, ಆಕಾರ ನಿಲ್ಲುವುದಿಲ್ಲ

ಇದು ಸಾಮಾನ್ಯ ಓದುಗರ ನಂಬಿಕೆಯಷ್ಟೇ ಆಗಿರಲಿಲ್ಲ, ತಜ್ಞರಲ್ಲೂ ಅನೇಕರದು. ತರ್ಕವೂ ಸರಿಯಾಗಿಯೇ ಇದೆ. ಮಾಮೂಲಿ ಅಮೈನೊ ಆಮ್ಲದ ಬೆನ್ನೆಲುಬಿಗೆ ಇನ್ನೊಂದು ಇಂಗಾಲ ಸೇರಿಸಿದರೆ ಬೀಟಾ ಅಮೈನೊ ಆಮ್ಲ. ತಿರುಗುವ ಬಂಧಗಳು ಎರಡಿದ್ದದ್ದು ಮೂರಾದವು. ಇನ್ನಷ್ಟು ತಿರುಗಾಟ ಎಂದರೆ ಇನ್ನಷ್ಟು ಗೊಂದಲ ತಾನೆ?

ಆದರೆ ಆದದ್ದೇ ಬೇರೆ. 1996ರಲ್ಲಿ ಜ್ಯೂರಿಕ್‌ನ ಡೀಟರ್ ಸೀಬಾಕ್ ಅವರ ತಂಡ ಬರೀ ಆರು ಬೀಟಾ ಅಮೈನೊ ಆಮ್ಲಗಳ ಸರಪಳಿ ಮೆಥನಾಲ್ ದ್ರಾವಣದಲ್ಲಿ ಸುರುಳಿಯಾಗಿ ನಿಲ್ಲುವುದನ್ನು ತೋರಿಸಿತು. ಅದೇ ವರ್ಷ ಗೆಲ್‌ಮನ್ ತಂಡ ಇನ್ನೊಂದು ದಾರಿಯಿಂದ ಅಲ್ಲಿಗೇ ಬಂತು. ಸೇರಿಸಿದ ಇಂಗಾಲವನ್ನೂ ಪಕ್ಕದ್ದನ್ನೂ ಆರು ಇಂಗಾಲಗಳ ಒಂದು ಉಂಗುರದೊಳಗೆ ಕಟ್ಟಿಹಾಕಿದರೆ ಆ ಹೊಸ ಬಂಧ ತನ್ನಿಷ್ಟದಂತೆ ತಿರುಗಲಾರದು. ಮರುವರ್ಷ ಅವರು ಆರರ ಬದಲು ಐದು ಇಂಗಾಲಗಳ ಉಂಗುರ ಹಾಕಿ ನೋಡಿದರು. ಸುರುಳಿ ಬಂತು, ಆದರೆ ಬೇರೆ ಸುರುಳಿ. ಮೊದಲನೆಯದರಲ್ಲಿ ಒಂದು ಸುತ್ತಿಗೆ ಸುಮಾರು 3 ಕೊಂಡಿ, ಎರಡನೆಯದರಲ್ಲಿ ಸುಮಾರು ಎರಡೂವರೆ. ಉಂಗುರದ ಒಂದೇ ಒಂದು ಇಂಗಾಲ ಬದಲಿಸಿದ್ದಕ್ಕೆ ಇಡೀ ಅಣುವಿನ ಆಕೃತಿ ಬದಲಾಯಿತು. ಪ್ರೋಟೀನಿನ ಆಲ್ಫಾ ಸುರುಳಿಯಲ್ಲಿ ಈ ಸಂಖ್ಯೆ 3.6, ಅದು 1951ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಅದನ್ನು ಬದಲಿಸುವ ಹಿಡಿಕೆ ನಮ್ಮ ಕೈಯಲ್ಲಿಲ್ಲ. ಬೀಟಾ ಸರಪಳಿಯಲ್ಲಿ ಇದೆ.

ಇನ್ನೂ ಒಂದು ಇಂಗಾಲ ಸೇರಿಸಿದರೆ ಗಾಮಾ ಅಮೈನೊ ಆಮ್ಲ. ಇದರ ಒಂದು ಉದಾಹರಣೆ ಮೆಡಿಕಲ್ ಶಾಪಿನಲ್ಲೇ ಇದೆ: ನರದ ನೋವಿಗೆ ಡಾಕ್ಟರು ಬರೆದುಕೊಡುವ ಗ್ಯಾಬಪೆಂಟಿನ್. ಅದರ ನಡುವಿನ ಇಂಗಾಲದ ಮೇಲೆ ಆರು ಇಂಗಾಲಗಳ ಉಂಗುರವೊಂದು ಕೂತಿದೆ, ಹಾಗಾಗಿ ಬೆನ್ನೆಲುಬು ಅಲ್ಲಿ ಚಾಚಿಕೊಳ್ಳಲಾಗದೆ ಬಾಗಿಯೇ ಇರುತ್ತದೆ. ಬಲರಾಂ ಮತ್ತು ಅದೇ ಸಂಸ್ಥೆಯ ಎನ್. ಶಾಮಲಾ ಅವರ ತಂಡಗಳು ಗ್ಯಾಬಪೆಂಟಿನನ್ನೇ ಕೊಂಡಿಯಾಗಿ ಪೆಪ್ಟೈಡ್‌ಗಳಲ್ಲಿ ಪೋಣಿಸಿ ಹರಳುಗಟ್ಟಿಸಿದಾಗ, ಅವು ಪ್ರೋಟೀನಿನಲ್ಲಿ ಕಾಣದ ಬಗೆಯ ತಿರುವುಗಳನ್ನೂ ಸುರುಳಿಗಳನ್ನೂ ತೋರಿಸಿದವು. ಮಾತ್ರೆಯಾಗಿ ನುಂಗುವ ಗ್ಯಾಬಪೆಂಟಿನ್ ಹೊಟ್ಟೆಯಲ್ಲಿ ಹೀಗೆ ಸರಪಳಿ ಕಟ್ಟುವುದಿಲ್ಲ. ಆ ಭಯ ಬೇಡ.

ನಂಬಿಕೆ: ದೊಡ್ಡ ಅಣುವಾದರೆ ಗಟ್ಟಿ, ಚಿಕ್ಕದಾದರೆ ಅಸ್ಥಿರ

ಪ್ರಕೃತಿಯ ಪೆಪ್ಟೈಡ್‌ಗಳ ಮಟ್ಟಿಗೆ ಇದರಲ್ಲಿ ಅರ್ಧ ಸತ್ಯವಿದೆ. ನೀರಿನಲ್ಲಿ ಆರೇಳು ಕೊಂಡಿಗಳ ಸಾಮಾನ್ಯ ಪೆಪ್ಟೈಡ್ ಯಾವ ಆಕಾರದಲ್ಲೂ ನಿಲ್ಲದೆ ಒದ್ದಾಡುತ್ತಿರುತ್ತದೆ. ಆದರೆ ಬೀಟಾ ಸರಪಳಿಗೆ ಹೆಚ್ಚು ಉದ್ದ ಬೇಕಿಲ್ಲ, ಮೆಥನಾಲ್‌ನಲ್ಲಿ ಆರೇ ಕೊಂಡಿ ಸಾಕಾದದ್ದನ್ನು ಮೇಲೆ ನೋಡಿದೆವು. ಹಾಗೆಂದು ಇವು ಚಿಕ್ಕ ಸುರುಳಿಗಳಿಗಷ್ಟೇ ಲಾಯಕ್ಕು ಎಂದೂ ಅಲ್ಲ. 2007ರಲ್ಲಿ ಯೇಲ್ ವಿಶ್ವವಿದ್ಯಾಲಯದ ಅಲಾನಾ ಶೆಪರ್ಟ್ಸ್ ಅವರ ತಂಡ, ಎಂಟು ಬೀಟಾ ಸುರುಳಿಗಳು ತಾವಾಗಿಯೇ ಒಟ್ಟುಗೂಡಿ ಪ್ರೋಟೀನಿನಂತೆ ಒಂದು ಕಟ್ಟಾಗಿ ಕೂತಿರುವ ಹರಳಿನ ರಚನೆ ಪ್ರಕಟಿಸಿತು.

ನಂಬಿಕೆ: ಹೈಡ್ರೋಜನ್ ಬಂಧವೇ ಅಂಟು, ಅದಿಲ್ಲದಿದ್ದರೆ ಮಡಿಕೆ ಬಿಚ್ಚಿಹೋಗುತ್ತದೆ

ಪಠ್ಯಪುಸ್ತಕದ ಚಿತ್ರಗಳಲ್ಲಿ ಸುರುಳಿಯ ಸುತ್ತುಗಳ ನಡುವೆ ಚುಕ್ಕಿಗೆರೆ ಎಳೆದಿರುತ್ತಾರೆ. ಒಂದು ಕೊಂಡಿಯ ಸಾರಜನಕದ ಹೈಡ್ರೋಜನ್ ಇನ್ನೊಂದು ಕೊಂಡಿಯ ಆಮ್ಲಜನಕವನ್ನು ಹಿಡಿದುಕೊಂಡಿದೆ ಎಂದು ಅದರ ಅರ್ಥ. ಹಿಡಿದುಕೊಂಡಿರುವುದು ನಿಜ. ಆದರೆ ಚಿತ್ರದಲ್ಲಿ ನೀರನ್ನು ತೋರಿಸಿರುವುದಿಲ್ಲ. ಬಿಚ್ಚಿಕೊಂಡ ಸರಪಳಿಯ ಅದೇ ಹೈಡ್ರೋಜನ್, ಅದೇ ಆಮ್ಲಜನಕ ಸುತ್ತಲಿನ ನೀರಿನ ಅಣುಗಳ ಜೊತೆ ಇಂಥದೇ ಬಂಧ ಮಾಡಿಕೊಂಡಿರುತ್ತವೆ. ಮಡಚಿದಾಗ ಅದನ್ನು ಬಿಟ್ಟು ಇದನ್ನು ಹಿಡಿಯುತ್ತವೆ, ಅಷ್ಟೇ. ಲಾಭ ಇದೆ, ನಾವು ಅಂದುಕೊಂಡಷ್ಟಿಲ್ಲ. ನೀರಿಗೆ ಒಗ್ಗದ ಭಾಗಗಳು ಒಳಗೆ ಸೇರಿಕೊಳ್ಳುವುದು, ಪರಮಾಣುಗಳು ಒತ್ತಾಗಿ ಹೊಂದಿಕೊಳ್ಳುವುದು, ಮತ್ತು ಮೊದಲು ಹೇಳಿದ ಮುಚ್ಚಿದ ದಾರಿಗಳು, ಇವೆಲ್ಲದರ ಪಾಲೂ ಇದೆ.

ಇದಕ್ಕೆ ಪೆಪ್ಟಾಯ್ಡ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಪೆಪ್ಟೈಡ್‌ನಲ್ಲಿ ಪಕ್ಕದ ಗುಂಪು ಇಂಗಾಲದ ಮೇಲಿರುತ್ತದೆ. ಅದನ್ನು ಕಿತ್ತು ಪಕ್ಕದ ಸಾರಜನಕದ ಮೇಲೆ ನೆಟ್ಟರೆ ಪೆಪ್ಟಾಯ್ಡ್. ಸಾರಜನಕದ ಮೇಲಿದ್ದ ಹೈಡ್ರೋಜನ್ ಹೋಯಿತು, ಅದರ ಜೊತೆಗೆ ಬೆನ್ನೆಲುಬು ತನ್ನೊಳಗೇ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುವ ಅವಕಾಶವೂ ಹೋಯಿತು. ಎಡ ಬಲ ಎಂಬ ಭೇದವೂ ಬೆನ್ನೆಲುಬಿನಲ್ಲಿ ಉಳಿಯಲಿಲ್ಲ. ಕ್ಯಾಲಿಫೋರ್ನಿಯಾದ ಕೈರಾನ್ ಕಂಪನಿಯಲ್ಲಿ 1990ರ ದಶಕದ ಮೊದಲಲ್ಲಿ ಇವನ್ನು ಕಟ್ಟಲು ಶುರುಮಾಡಿದವರು ರೊನಾಲ್ಡ್ ಜುಕರ್‌ಮನ್ ಮತ್ತು ಜೊತೆಗಾರರು. ಅಂಟೇ ಇಲ್ಲದ ಇಂಥ ಸರಪಳಿ ಸುರುಳಿ ಸುತ್ತಬಾರದು. ಆದರೆ ಸಾರಜನಕದ ಮೇಲೆ ದಪ್ಪನೆಯ, ಎಡಬಲ ಭೇದವಿರುವ ಗುಂಪುಗಳನ್ನು ಕೂರಿಸಿದಾಗ ಸರಪಳಿ ಒಂದೇ ದಿಕ್ಕಿನ ಸುರುಳಿಯಾಗಿ ನಿಂತಿತು. 1998ರಲ್ಲಿ ಅದರ ವಿವರ ಪ್ರಕಟವಾಯಿತು. ಆ ದಪ್ಪ ಗುಂಪುಗಳು ಒಂದಕ್ಕೊಂದು ತಾಗದೆ ಇರಬೇಕಾದರೆ ಬೇರೆ ದಾರಿಯಿರಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ಅತ್ಯಂತ ಚೆಲುವಾದ ಪ್ರಯೋಗ ಇದು.

ನಂಬಿಕೆ: ಸ್ಥಿರ ಎಂದರೆ ಅಲ್ಲಾಡದ್ದು

ಅಲ್ಲ. ಸಾಮಾನ್ಯ ಪ್ರೋಟೀನಿನ ಮಡಚಿದ ಸ್ಥಿತಿಗೂ ಬಿಚ್ಚಿದ ಸ್ಥಿತಿಗೂ ಇರುವ ಶಕ್ತಿಯ ಅಂತರ ಒಂದು ಮೋಲ್‌ಗೆ 5ರಿಂದ 15 ಕಿಲೋಕ್ಯಾಲರಿ ಮಾತ್ರ. ಹಾಗಾಗಿಯೇ ಒಂದಷ್ಟು ಬಿಸಿ ತಾಗಿದರೆ ಮೊಟ್ಟೆಯ ಬಿಳಿ ಗಟ್ಟಿಯಾಗುವುದು. ಎಐಬಿಯಿಂದಷ್ಟೇ ಕಟ್ಟಿದ ಸುರುಳಿಗಳಂತೂ ಕೋಣೆಯ ಬಿಸಿಯಲ್ಲೇ ಎಡಗೈಯಿಂದ ಬಲಗೈಗೆ, ಬಲದಿಂದ ಎಡಕ್ಕೆ ಕ್ಷಣಕ್ಷಣಕ್ಕೂ ಹೊರಳುತ್ತಿರುತ್ತವೆ. ಸುರುಳಿ ಎಂಬುದು ಸ್ಥಿರ, ಅದರ ದಿಕ್ಕು ಸ್ಥಿರವಲ್ಲ.

ನಂಬಿಕೆ: ಆಕಾರ ಗಟ್ಟಿಯಾದರೆ ದೇಹದಲ್ಲೂ ಗಟ್ಟಿಯಾಗಿ ಉಳಿಯುತ್ತದೆ

ಔಷಧದ ಮಾತು ಬಂದಾಗ ಹೆಚ್ಚು ಗೊಂದಲ ಎಬ್ಬಿಸುವುದು ಇದೇ. ಬಿಚ್ಚಿಕೊಳ್ಳದಿರುವುದು ಒಂದು ಗುಣ, ಕಿಣ್ವದ ಬಾಯಿಗೆ ಸಿಕ್ಕಿ ತುಂಡಾಗದಿರುವುದು ಇನ್ನೊಂದು. ಮಡಚಿದ ಸರಪಳಿಯನ್ನು ಕತ್ತರಿಸುವುದು ಕಿಣ್ವಕ್ಕೆ ಕಷ್ಟ ಎಂಬುದು ನಿಜವೇ. ಆದರೆ ನಾವು ತಿಂದ ಬೇಳೆಯ ಪ್ರೋಟೀನ್ ಎಷ್ಟೇ ಚೆನ್ನಾಗಿ ಮಡಚಿಕೊಂಡಿದ್ದರೂ ಕೊನೆಗೆ ಜೀರ್ಣವಾಗುತ್ತದೆ. ಬೀಟಾ ಪೆಪ್ಟೈಡ್‌ಗಳ ಕಥೆ ಬೇರೆ: ಸೀಬಾಕ್ ತಂಡ ಅವುಗಳ ಮೇಲೆ 15 ಬಗೆಯ ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ಬಿಟ್ಟು ನೋಡಿತು, ಯಾವುದರ ಆಟವೂ ನಡೆಯಲಿಲ್ಲ. ಆ ಬೆನ್ನೆಲುಬು ಕಿಣ್ವಗಳಿಗೆ ಪರಿಚಯದ್ದೇ ಅಲ್ಲ.

ಬಳಕೆಯಲ್ಲಿರುವ ಉದಾಹರಣೆ ಬೇಕೆಂದರೆ ಸಕ್ಕರೆ ಕಾಯಿಲೆಗೂ ತೂಕ ಇಳಿಸಲೂ ಕೊಡುವ ಸೆಮಾಗ್ಲುಟೈಡ್. ದೇಹದ ಸ್ವಂತ ಹಾರ್ಮೋನು ಜಿಎಲ್‌ಪಿ-1 ರಕ್ತದಲ್ಲಿ ಎರಡು ನಿಮಿಷದ ಹೊತ್ತಿಗೆ ಅರ್ಧಕ್ಕಿಳಿಯುತ್ತದೆ, ಯಾಕೆಂದರೆ ಡಿಪಿಪಿ-4 ಎಂಬ ಕಿಣ್ವ ಅದರ ಮೊದಲ ಎರಡು ಕೊಂಡಿಗಳನ್ನು ಕತ್ತರಿಸಿ ಹಾಕುತ್ತದೆ. ಸೆಮಾಗ್ಲುಟೈಡ್‌ನಲ್ಲಿ ಆ ಎರಡನೆಯ ಜಾಗದ ಅಲನಿನ್ ತೆಗೆದು ಎಐಬಿ ಹಾಕಿದ್ದಾರೆ. ಟ್ರೈಕೋಡರ್ಮಾದ, ಉಲ್ಕಾಶಿಲೆಯ ಅದೇ ಎಐಬಿ. ಕಿಣ್ವಕ್ಕೆ ಅಲ್ಲಿ ಹಲ್ಲು ಊರಲಾಗುವುದಿಲ್ಲ. ಆದರೆ ವಾರಕ್ಕೊಂದೇ ಇಂಜೆಕ್ಷನ್ ಸಾಕಾಗುವುದಕ್ಕೆ ಇದೊಂದೇ ಕಾರಣ ಎಂದು ಹೇಳಿದರೆ ತಪ್ಪಾಗುತ್ತದೆ. ಅಣುವಿಗೆ ಜೋಡಿಸಿದ ಉದ್ದನೆಯ ಕೊಬ್ಬಿನಾಮ್ಲದ ಬಾಲ ರಕ್ತದ ಆಲ್ಬುಮಿನ್ ಪ್ರೋಟೀನನ್ನು ಹಿಡಿದುಕೊಂಡಿರುತ್ತದೆ, ದೊಡ್ಡ ಪಾಲು ಅದರದ್ದು. ಇದೇ ಬಗೆಯ ಇನ್ನೊಂದು ಔಷಧ ಟಿರ್ಜೆಪಟೈಡ್‌ನಲ್ಲಿ ಎಐಬಿ ಎರಡು ಕಡೆ ಇದೆ.

ನಂಬಿಕೆ: ಆಲ್ಫಾಫೋಲ್ಡ್ ಬಂದಮೇಲೆ ಮಡಚುವಿಕೆಯ ಪ್ರಶ್ನೆ ಮುಗಿಯಿತು

2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ, ಪ್ರೋಟೀನಿನ ಆಕಾರ ಊಹಿಸುವ ಕೃತಕ ಬುದ್ಧಿಮತ್ತೆ ಆಲ್ಫಾಫೋಲ್ಡ್‌ನ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಹೋಯಿತು. ಅದಕ್ಕೆ ಅದು ಅರ್ಹವೇ. ಆದರೆ ಆ ಯಂತ್ರ ಕಲಿತದ್ದು ಮುಖ್ಯವಾಗಿ ಪ್ರಕೃತಿಯ ಪ್ರೋಟೀನುಗಳ ರಾಶಿಯಿಂದ, ಮತ್ತು ಜೀವಿಗಳ ವಿಕಾಸ ಅವುಗಳ ಅನುಕ್ರಮದಲ್ಲಿ ಬಿಟ್ಟುಹೋದ ಗುರುತುಗಳಿಂದ. ಪ್ರಯೋಗಾಲಯದ ಸರಪಳಿಗೆ ವಿಕಾಸದ ಇತಿಹಾಸವೇ ಇಲ್ಲ, ಹರಳುಗಟ್ಟಿಸಿ ನೋಡಿದ ಉದಾಹರಣೆಗಳೂ ಕಡಿಮೆ. ಅಲ್ಲಿ ಇಂದಿಗೂ ಫೈ, ಸೈ ಕೋನಗಳ ಲೆಕ್ಕ ಬೇಕು, ದ್ರಾವಣದಲ್ಲಿರುವ ಅಣುವಿನ ಆಕಾರ ತಿಳಿಸುವ ಎನ್‌ಎಂಆರ್ ಬೇಕು, ಹರಳು ಬೇಕು.

ಕೊನೆಗೆ ಒಂದು ಮಾತು. ‘ಪೆಪ್ಟೈಡ್’ ಎಂಬ ಪದ ಈಗ ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯ ಮೇಲೂ, ಜಿಮ್‌ಗಳ ಸುತ್ತ ಕೈಬದಲಾಗುವ ಸಣ್ಣ ಸೀಸೆಗಳ ಮೇಲೂ ಕಾಣುತ್ತಿದೆ. ಇಲ್ಲಿ ಹೇಳಿದ ಯಾವ ಸ್ಥಿರತೆಯೂ ಆ ಪದದ ಜೊತೆ ಉಚಿತವಾಗಿ ಬರುವುದಿಲ್ಲ. ಯಾವ ಸರಪಳಿ, ಕಿಣ್ವದ ಎದುರು ಎಷ್ಟು ಹೊತ್ತು ನಿಲ್ಲುತ್ತದೆ, ಮನುಷ್ಯರ ಮೇಲೆ ಪರೀಕ್ಷೆ ನಡೆದಿದೆಯೇ ಎಂದು ಕೇಳಿ. ಉತ್ತರ ಸಿಗದ ಸೀಸೆಯನ್ನು ಕೊಳ್ಳಬೇಡಿ.