ಬೀದಿಯ ಕಾವಲು: ವರ್ತಕರ ಪಾಲಿನ ಹೊಣೆ

ಬೆಂಗಳೂರು ದಕ್ಷಿಣ ಭಾಗದ ಇಟ್ಟಮಡು ಒಂದು ಕಾಲಕ್ಕೆ ಹಳ್ಳಿಯಾಗಿತ್ತು. ಇಂದು ಅದು ಬನಶಂಕರಿ ಮೂರನೇ ಹಂತ, ಪದ್ಮನಾಭನಗರ ಹಾಗೂ ಹೊಸಕೆರೆಹಳ್ಳಿಗಳ ನೆರೆಯಲ್ಲಿ, ಹೊರ ವರ್ತುಲ ರಸ್ತೆಯ ಆಸುಪಾಸಿನಲ್ಲಿ ಬೆಳೆದಿರುವ ದಟ್ಟ ಬಡಾವಣೆ. ಕೆಳಗೆ ಅಂಗಡಿ, ಮೇಲೆ ಮನೆ ಎಂಬುದು ಇಂತಹ ಬಡಾವಣೆಗಳ ರೂಢಿ. ರಾತ್ರಿ ಷಟರ್ ಎಳೆದ ಮೇಲೆ ಒಳಗಿನ ಮಾಲನ್ನು ಕಾಯುವವರು ಯಾರು? ಬೀಗ, ಕ್ಯಾಮೆರಾ ಮತ್ತು ವಿಮೆ ಈ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ. ಉಳಿದರ್ಧವು ಆ ಬೀದಿಯನ್ನು ಬಲ್ಲ ಮನುಷ್ಯನನ್ನು ಅವಲಂಬಿಸಿದೆ.

ನೆರೆಹೊರೆಯವರೇ ಕಾವಲಿಗೆ ನಿಲ್ಲುವ ಪದ್ಧತಿ ನಮಗೆ ಹೊಸದಲ್ಲ. ಗೃಹರಕ್ಷಕ ದಳಕ್ಕೆ 1962ರ ಕಾಯಿದೆ, ಗ್ರಾಮ ರಕ್ಷಣಾ ದಳಗಳಿಗೆ 1964ರ ಕಾಯಿದೆ ರಾಜ್ಯದಲ್ಲಿ ಆಧಾರವಾದವು. ನಗರದ ಬೀದಿಗಳಲ್ಲಿ ಕೋಲು ಕುಟ್ಟುತ್ತ, ಸೀಟಿ ಊದುತ್ತ ಸಾಗುವ ಗೂರ್ಖಾನಿಗೆ ವರ್ತಕರು ತಿಂಗಳಿಗೊಮ್ಮೆ ಹಣ ಕೊಡುವ ವಾಡಿಕೆ ಹಳೆಯದು. ಬ್ರಿಟನ್ ಸರ್ಕಾರವು 2000ದಲ್ಲಿ ಹಣ ಒದಗಿಸಿ ನೆರೆಹೊರೆ ವಾರ್ಡನ್ ಯೋಜನೆಯನ್ನು ಆರಂಭಿಸಿತು. ಈ ವಾರ್ಡನ್ನರು ಪೊಲೀಸರಲ್ಲ. ಬೀದಿಯಲ್ಲಿ ಕಾಣಿಸಿಕೊಳ್ಳುವುದು, ಕೆಟ್ಟ ದೀಪ, ಬಿದ್ದ ಕಸ, ಅನಾಥ ವಾಹನಗಳ ಬಗ್ಗೆ ಸಂಬಂಧಪಟ್ಟವರಿಗೆ ತಿಳಿಸುವುದು, ವೃದ್ಧರನ್ನು ವಿಚಾರಿಸಿಕೊಳ್ಳುವುದು ಅವರ ಕೆಲಸವಾಗಿತ್ತು.

ಬೆಂಗಳೂರಿನಲ್ಲಿ ಇದಕ್ಕೆ ಸಮೀಪವಾದ ಪ್ರಯತ್ನ ನಡೆದದ್ದು 2010ರ ದಶಕದಲ್ಲಿ. ನಗರ ಪೊಲೀಸರು ಜನಾಗ್ರಹ ಸಂಸ್ಥೆಯೊಡನೆ ಸೇರಿ ‘ಏರಿಯಾ ಸುರಕ್ಷಾ ಮಿತ್ರ’ ಎಂಬ ಹೆಸರಿನಲ್ಲಿ ನಾಗರಿಕ ಸ್ವಯಂಸೇವಕರನ್ನು ಠಾಣೆಗಳೊಂದಿಗೆ ಜೋಡಿಸಿದರು. 2017ರಲ್ಲಿ ರಾಜ್ಯ ಪೊಲೀಸ್ ಇಲಾಖೆ ಬೀಟ್ ವ್ಯವಸ್ಥೆಯನ್ನು ಪುನರ್‌ರಚಿಸಿತು. ಗಸ್ತು ತಿರುಗಿ ಪುಸ್ತಕಕ್ಕೆ ಸಹಿ ಹಾಕುವುದಷ್ಟೇ ಬೀಟ್ ಎಂಬ ಭಾವನೆ ಹೋಗಿ, ನಿರ್ದಿಷ್ಟ ಪ್ರದೇಶಕ್ಕೆ ನಿರ್ದಿಷ್ಟ ಸಿಬ್ಬಂದಿಯನ್ನು ಹೊಣೆಯಾಗಿಸಿ, ಸ್ಥಳೀಯ ನಾಗರಿಕರನ್ನು ಬೀಟ್ ಸದಸ್ಯರನ್ನಾಗಿ ಸೇರಿಸಿಕೊಳ್ಳುವ ಕ್ರಮ ಬಂದಿತು.

ಇಲ್ಲಿಯೇ ವರ್ತಕರಿಗೆ ಅವಕಾಶವಿದೆ. ಬೆಳಗಿನಿಂದ ರಾತ್ರಿಯವರೆಗೆ ಒಂದೇ ಸ್ಥಳದಲ್ಲಿದ್ದು ಬೀದಿಯನ್ನು ನೋಡುವವನು ಅಂಗಡಿಕಾರ. ಯಾವ ಮನೆ ಬೀಗ ಹಾಕಿದೆ, ಯಾವ ದ್ವಿಚಕ್ರ ವಾಹನ ಮೂರು ದಿನಗಳಿಂದ ನಿಂತಿದೆ, ಯಾವ ಕಂಬದ ದೀಪ ಉರಿಯುತ್ತಿಲ್ಲ ಎಂಬುದು ಅವನಿಗೆ ಸಹಜವಾಗಿಯೇ ತಿಳಿದಿರುತ್ತದೆ. ಈ ತಿಳಿವಳಿಕೆ ಗಲ್ಲಾಪೆಟ್ಟಿಗೆಯ ಬಳಿಯೇ ಉಳಿದರೆ ಪ್ರಯೋಜನವಿಲ್ಲ. ಬೀಟ್ ಸಿಬ್ಬಂದಿಗೆ ತಲುಪಿದರೆ ಅದೇ ಮುನ್ನೆಚ್ಚರಿಕೆಯಾಗುತ್ತದೆ. ಪ್ರತಿ ರಸ್ತೆಯಿಂದ ಒಬ್ಬ ವರ್ತಕನಾದರೂ ಬೀಟ್ ಸದಸ್ಯನಾಗಿ ಈ ಹೊಣೆ ಹೊತ್ತರೆ, ದೂರು ಯಾರಿಗೆ ಹೇಳಬೇಕೆಂಬ ಗೊಂದಲ ನೀಗುತ್ತದೆ.

ಆದರೆ ಕಾವಲು ಎಂಬುದು ಅಧಿಕಾರವಲ್ಲ. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ರಾಜಸ್ಥಾನ ಮೂಲದ ಕಾರ್ಮಿಕನೊಬ್ಬನನ್ನು ಮಕ್ಕಳ ಕಳ್ಳನೆಂಬ ವದಂತಿ ನಂಬಿದ ಗುಂಪು ಹೊಡೆದು ಕೊಂದಿತು. ಅಪರಿಚಿತನೆಲ್ಲ ಅಪರಾಧಿಯಲ್ಲ. ಹೊರ ಊರುಗಳಿಂದ ಬಂದ ಕೆಲಸಗಾರರನ್ನೇ ನೆಚ್ಚಿರುವ ಸಣ್ಣ ಕೈಗಾರಿಕೆಗಳಿಗೆ ಈ ಎಚ್ಚರ ಇನ್ನೂ ಅಗತ್ಯ. ಬೀದಿಯ ಜವಾಬ್ದಾರಿ ಹೊತ್ತವನ ಮೊದಲ ಕೆಲಸ ವದಂತಿಯನ್ನು ಠಾಣೆಯೊಡನೆ ಪರಿಶೀಲಿಸಿ ಗುಂಪನ್ನು ತಣ್ಣಗಾಗಿಸುವುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನಂತೆ, ಕಣ್ಣೆದುರೇ ಜಾಮೀನುರಹಿತ ಸಂಜ್ಞೇಯ ಅಪರಾಧ ಎಸಗಿದವನನ್ನು ಅಥವಾ ಘೋಷಿತ ಅಪರಾಧಿಯನ್ನು ಖಾಸಗಿ ವ್ಯಕ್ತಿ ಹಿಡಿಯಬಹುದು. ಆದರೆ ವಿಳಂಬವಿಲ್ಲದೆ, ಆರು ಗಂಟೆಗಳೊಳಗೆ, ಪೊಲೀಸರಿಗೆ ಒಪ್ಪಿಸತಕ್ಕದ್ದು. ಕೇವಲ ಸಂಶಯದ ಮೇಲೆ ಹಿಡಿಯಲು, ಹೊಡೆಯಲು, ಕೂಡಿಹಾಕಲು ಯಾರಿಗೂ ಹಕ್ಕಿಲ್ಲ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು ಸರಳವಾಗಿವೆ. ತಮ್ಮ ಬೀಟ್ ಸಿಬ್ಬಂದಿಯ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಠಾಣೆಯಿಂದ ಪಡೆದು ಅಂಗಡಿಯಲ್ಲಿ ಬರೆದಿಡಬೇಕು. ತುರ್ತಿಗೆ 112 ಸಂಖ್ಯೆಗೆ ಕರೆ ಮಾಡಬೇಕು. ಕ್ಯಾಮೆರಾದ ಒಂದು ಕಣ್ಣು ರಸ್ತೆಯತ್ತ ಇರಲಿ. ಅದರ ಗಡಿಯಾರ ಸರಿಯಾದ ಸಮಯ ತೋರಿಸುತ್ತಿರಲಿ. ತಪ್ಪು ಸಮಯ ನಮೂದಾದ ದೃಶ್ಯ ತನಿಖೆಗೆ ತೊಡಕಾಗುತ್ತದೆ. ಹಲವು ಅಂಗಡಿಗಳು ಕೂಡಿ ರಾತ್ರಿ ಕಾವಲುಗಾರನನ್ನು ನೇಮಿಸುವುದಾದರೆ, ಒದಗಿಸುವ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯಿದೆಯ ಪ್ರಕಾರ ಪರವಾನಗಿ ಇದೆಯೇ ಎಂದು ನೋಡಬೇಕು. ಕಾವಲುಗಾರನಿಗೆ ತರಬೇತಿ ಕೊಡಿಸುವುದೂ ಆ ಕಾಯಿದೆಯಡಿ ಏಜೆನ್ಸಿಯ ಹೊಣೆಯೇ.

ಇವುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಖರ್ಚಿಲ್ಲ. ಬೇಕಾದುದು ತಿಂಗಳಿಗೆ ಒಂದೆರಡು ಗಂಟೆಗಳ ಬಿಡುವು. ಸಂಜೆ ಏಳರ ನಂತರವೂ ಮಹಿಳೆಯರು, ಹಿರಿಯರು ನಿರ್ಭಯವಾಗಿ ಓಡಾಡುವ ರಸ್ತೆಯಲ್ಲಿ ವ್ಯಾಪಾರವೂ ಹೆಚ್ಚು ಹೊತ್ತು ನಡೆಯುತ್ತದೆ. ಬೀದಿಯ ಸುರಕ್ಷತೆಗೆ ಕೊಟ್ಟ ಸಮಯವನ್ನು ವರ್ತಕರು ದಾನವೆಂದಲ್ಲ, ಬಂಡವಾಳವೆಂದೇ ಲೆಕ್ಕ ಹಿಡಿಯಬಹುದು.